ಹದಿನಾರಕ್ಕೆ ಇನ್ನೊಂದು ಮಾಧ್ಯಮ ಬೇಕಾ?

ಫ್ರಾನ್ಸಿನ ತುಲೂಸ್‌ನಿಂದ ಓದುಗರೊಬ್ಬರು ಬರೆದಿದ್ದಾರೆ:

"ಐದು ವರ್ಷದ ಹಿಂದೆ ಬೆಂಗಳೂರಿನಿಂದ ಇಲ್ಲಿಗೆ ಬಂದೆವು. ನಮ್ಮ ಮನೆಯವರು ವಿಮಾನದ ಬಿಡಿಭಾಗ ವಿನ್ಯಾಸ ಮಾಡುತ್ತಾರೆ. ಬಂದಾಗ ಮಗಳಿಗೆ ಹತ್ತು ವರ್ಷ. ಫ್ರೆಂಚ್ ಒಂದಕ್ಷರ ಬರುತ್ತಿರಲಿಲ್ಲ. ಈಗ ಸರ್ಕಾರಿ ಲಿಸೆಯಲ್ಲಿ (ಇಲ್ಲಿನ ಹೈಸ್ಕೂಲು) ಸೆಗೊಂಡ್ ಓದುತ್ತಿದ್ದಾಳೆ, ಅಂದರೆ ನಮ್ಮ ಹತ್ತನೇ ಕ್ಲಾಸು. ಜೀವಶಾಸ್ತ್ರ, ಇತಿಹಾಸ ಎರಡೂ ಇಷ್ಟ. ಮುಂದೆ ಅಲ್ಲೇ ಫ್ರೆಂಚ್ ಬಾಕ್, ಅಂದರೆ ಇಲ್ಲಿನ ಹನ್ನೆರಡನೇ ಕ್ಲಾಸಿನ ಪರೀಕ್ಷೆ, ಮುಗಿಸುತ್ತೇನೆ ಅನ್ನುತ್ತಾಳೆ. ಮನೆಯವರಿಗೆ ಹತ್ತಿರದ ಖಾಸಗಿ ಶಾಲೆಯ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅನ್ನುವ ಎರಡು ವರ್ಷದ ಕೋರ್ಸು, ಕೊಡಿಸುವ ಆಸೆ. ಅದು ಇಂಗ್ಲಿಷಿನಲ್ಲಿದೆ, ಪ್ರಪಂಚದಲ್ಲೆಲ್ಲ ನಡೆಯುತ್ತೆ ಅಂತಾರೆ. ಅರ್ಧ ಫೀಸು ಕಂಪನಿ ಕೊಡುತ್ತದೆ. ನನಗೆ ಭಯ ಬೇರೆ. ಫ್ರೆಂಚಿನಲ್ಲಿ ನಾಲ್ಕು ಗಂಟೆ ತತ್ವಶಾಸ್ತ್ರ ಬರೆಯಬೇಕಂತೆ, ಇವಳ ಕೈಲಾಗುತ್ತಾ? ನಾಳೆ ಬೆಂಗಳೂರಿಗೆ ವಾಪಸ್ ಹೋದರೆ ಆ ಫ್ರೆಂಚ್ ಕಾಗದವನ್ನು ಯಾರು ನೋಡುತ್ತಾರೆ? ದಾರಿ ಹೇಳಿ."

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಎರಡು ದಿನ ಸುಮ್ನೆ ಯೋಚನೆ ಮಾಡಿದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮಗಳು ಈಗಿರುವ ಲಿಸೆಯಲ್ಲೇ ಬಾಕ್ ಮುಗಿಸಲಿ. ನೀವು ಮುಂದಿನ ಎರಡು ವರ್ಷದೊಳಗೆ ಊರಿಗೆ ವಾಪಸ್ ಹೋಗುವುದು ಖಚಿತ ಅಂತಾದರೆ ಮಾತ್ರ ನನ್ನ ಉತ್ತರ ಬದಲಾಗುತ್ತದೆ.

ಮೊದಲು ನನ್ನದೊಂದು ಅನುಭವ. ನಾನು ಹಾಸನ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಸೈನ್ಸ್ ಸೇರಿದವಳು. ದ್ಯುತಿಸಂಶ್ಲೇಷಣೆ ಅಂದರೆ ಏನು ಅಂತ ನಿದ್ದೆಯಲ್ಲೂ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಫೋಟೊಸಿಂಥೆಸಿಸ್ ಅಂತ ಬರೆದಾಗ ಅದೇ ಇದು ಅಂತ ತಿಳಿಯಲು ಒಂದು ವಾರ ಬೇಕಾಯಿತು. ವಿಷಯ ಗೊತ್ತಿದೆ, ಬಾಯಿ ಬರುವುದಿಲ್ಲ. ಕೈ ಎತ್ತುವುದನ್ನೇ ಬಿಟ್ಟೆ. ನನ್ನ ಜೊತೆ ಬಂದ ನಾಲ್ವರಲ್ಲಿ ಇಬ್ಬರು ಮೊದಲ ವರ್ಷದಲ್ಲೇ ಫೇಲಾದರು. ಅವರು ದಡ್ಡರಾಗಿರಲಿಲ್ಲ. ಆ ವರ್ಷದ ನೋವು ಇವತ್ತಿಗೂ ನನ್ನಲ್ಲಿದೆ. ಅದಕ್ಕೇ ಮಾಧ್ಯಮ ಬದಲಿಸುವ ಮಾತು ಬಂದಾಗಲೆಲ್ಲ ನಾನು ಮೊದಲು ಮಗುವಿನ ಕಡೆ ನೋಡುತ್ತೇನೆ.

ನಿಮ್ಮ ಮಗಳು ಹತ್ತನೇ ವಯಸ್ಸಿನಲ್ಲಿ ಈ ಹೊಳೆಯನ್ನು ಒಮ್ಮೆ ದಾಟಿದ್ದಾಳೆ. ಅವಳಿಗೆ ಈಗ ಅದು ಫೋತೊಸ್ಯಾಂತೇಸ್. ಎಲೆ, ಜೀವಕೋಶ, ಉಸಿರಾಟ, ಫ್ರೆಂಚ್ ಕ್ರಾಂತಿ, ಮಹಾಯುದ್ಧ ಎಲ್ಲವೂ ಅವಳ ತಲೆಯಲ್ಲಿ ಫ್ರೆಂಚಿನಲ್ಲಿ ಕೂತಿವೆ. ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತಾಳೆ, ಸಿನಿಮಾ ನೋಡುತ್ತಾಳೆ, ಸರಿ. ಇತಿಹಾಸದ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯುವುದು ಬೇರೆ ಕೆಲಸ ಅಲ್ವಾ? ಹದಿನಾರನೇ ವಯಸ್ಸಿನಲ್ಲಿ, ಫೈನಲ್ ಪರೀಕ್ಷೆಗೆ ಎರಡೇ ವರ್ಷ ಇರುವಾಗ, ಅದೇ ಹೊಳೆಯನ್ನು ಇನ್ನೊಮ್ಮೆ ದಾಟು ಅನ್ನಬೇಕಾದರೆ ಬಲವಾದ ಕಾರಣ ಬೇಕು. "ಪ್ರಪಂಚದಲ್ಲೆಲ್ಲ ನಡೆಯುತ್ತೆ" ಅನ್ನುವುದು ಅಂಥ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಯಾಕೆಂದರೆ ಫ್ರೆಂಚ್ ಬಾಕ್ ಕೂಡ ನಡೆಯುತ್ತದೆ.

ಬಾಕ್ 1808ರಲ್ಲಿ ನೆಪೋಲಿಯನ್ ಕಾಲದಲ್ಲಿ ಶುರುವಾದದ್ದು. ಐಬಿ 1968ರಲ್ಲಿ ಜಿನೀವಾದಲ್ಲಿ ಹುಟ್ಟಿತು. ಅಪ್ಪ ಅಮ್ಮನ ಕೆಲಸದಿಂದಾಗಿ ದೇಶದಿಂದ ದೇಶಕ್ಕೆ ಅಲೆಯುವ ಮಕ್ಕಳ ಓದು ಅರ್ಧಕ್ಕೆ ನಿಲ್ಲಬಾರದು ಅನ್ನುವುದು ಅದರ ಹಿಂದಿದ್ದ ದೊಡ್ಡ ಯೋಚನೆ. ಆ ಉದ್ದೇಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇಂಗ್ಲೆಂಡ್, ಕೆನಡಾ, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್ ವಿಶ್ವವಿದ್ಯಾಲಯಗಳು ಎರಡನ್ನೂ ಚೆನ್ನಾಗಿ ಬಲ್ಲವು. ಐಬಿಯಲ್ಲಿ ಇಷ್ಟು ಪಾಯಿಂಟ್ ಬೇಕು, ಬಾಕ್‌ನಲ್ಲಿ ಇಪ್ಪತ್ತಕ್ಕೆ ಇಷ್ಟು ಬೇಕು ಅಂತ ಬೇರೆ ಬೇರೆಯಾಗಿ ಬರೆದೇ ಇಟ್ಟಿರುತ್ತಾರೆ. ಫ್ರಾನ್ಸಿನೊಳಗೇ ಓದುವುದಾದರೆ ಬಾಕ್ ಇನ್ನೂ ಸಲೀಸು. ತೆರ್ಮಿನಾಲ್ ವರ್ಷ, ಅಂದರೆ ಹನ್ನೆರಡನೇ ಕ್ಲಾಸಿನಲ್ಲಿ, ಪಾರ್ಕೂರ್‌ಸುಪ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಐಬಿ ಮಕ್ಕಳೂ ಹಾಕಬಹುದು. ಆದರೆ ಅಲ್ಲಿ ಕೂತು ಅರ್ಜಿ ಓದುವವರು ಬಾಕ್‌ನ ಅಂಕಪಟ್ಟಿ ನೋಡಿ ಪಳಗಿದವರು.

ಈಗ ನಿಮ್ಮ ತತ್ವಶಾಸ್ತ್ರದ ಭಯ. ಹೌದು, ನಾಲ್ಕು ಗಂಟೆಯ ಪರೀಕ್ಷೆ. ಎರಡು ಪ್ರಬಂಧದ ವಿಷಯ, ಒಂದು ಪಠ್ಯಭಾಗದ ವಿವರಣೆ, ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆದರೆ ಲೆಕ್ಕ ನೋಡಿ. ಒಟ್ಟು ನೂರು ಪಾಲಿನಲ್ಲಿ ನಲವತ್ತು ಎರಡು ವರ್ಷದ ಶಾಲೆಯ ಅಂಕಗಳಿಂದ ಬರುತ್ತದೆ. ಉಳಿದ ಅರವತ್ತರಲ್ಲಿ ಅವಳು ಕೊನೆಯವರೆಗೂ ಓದುವ ಎರಡು ಮುಖ್ಯ ವಿಷಯಗಳಿಗೆ ಹದಿನಾರು ಹದಿನಾರು, ಸೇರಿ ಮೂವತ್ತೆರಡು. ತತ್ವಶಾಸ್ತ್ರಕ್ಕೆ ಬರೀ ಎಂಟು. ಆ ಎಂಟಕ್ಕಾಗಿ ನೀವು ನಿದ್ದೆ ಕೆಡಬೇಡಿ. ಮೇಲಾಗಿ ಇದು ಅವಳ ಕ್ಲಾಸಿನ ಫ್ರೆಂಚ್ ಮಕ್ಕಳಿಗೂ ಹೊಸ ವಿಷಯವೇ. ಎಲ್ಲರೂ ತೆರ್ಮಿನಾಲ್‌ನಲ್ಲೇ ಶುರು ಮಾಡುತ್ತಾರೆ.

ನಿಜವಾಗಿ ಗಮನ ಕೊಡಬೇಕಾದದ್ದು ಅದಕ್ಕಿಂತ ಒಂದು ವರ್ಷ ಮೊದಲು ಬರುತ್ತದೆ. ಪ್ರೆಮಿಯೇರ್, ಅಂದರೆ ಹನ್ನೊಂದರ ಕೊನೆಗೆ ಫ್ರೆಂಚ್ ಭಾಷೆ ಮತ್ತು ಸಾಹಿತ್ಯದ ಪರೀಕ್ಷೆ. ಬರವಣಿಗೆ ನಾಲ್ಕು ಗಂಟೆ, ಆಮೇಲೆ ಇಪ್ಪತ್ತು ನಿಮಿಷದ ಮೌಖಿಕ. ಎರಡಕ್ಕೂ ಐದೈದು ಪಾಲು. ಹೊರಗಿನಿಂದ ಬಂದ ಮಕ್ಕಳು ಎಡವುವುದಿದ್ದರೆ ಇಲ್ಲೇ ಜಾಸ್ತಿ. ಹಳೆಯ ಕಾಲದ ಫ್ರೆಂಚ್ ಕವಿತೆ, ನಾಟಕಗಳನ್ನು ಸಾಲು ಸಾಲಾಗಿ ಬಿಡಿಸಿ ಹೇಳಬೇಕು. ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಆ ಭಾಷೆ ಕೇಳಿ ಬೆಳೆದವಳಲ್ಲ ಅವಳು. ಹಾಗಾಗಿ ಕೈಯಲ್ಲಿ ದುಡ್ಡು, ಸಮಯ ಇದ್ದರೆ ಈ ಬೇಸಿಗೆಯಿಂದಲೇ ಒಬ್ಬ ಫ್ರೆಂಚ್ ಟೀಚರ್ ಹತ್ತಿರ ವಾರಕ್ಕೊಂದು ಗಂಟೆ ಪಾಠ ಹೇಳಿಸಿ. ಐಬಿಯ ಫೀಸಿನ ಮುಂದೆ ಅದೇನೂ ದೊಡ್ಡ ಖರ್ಚಲ್ಲ. ಖಾಸಗಿ ಶಾಲೆಯ ಐಬಿ ಫೀಸು ಎಷ್ಟೋ ಕಡೆ ವರ್ಷಕ್ಕೆ ಇಪ್ಪತ್ತು ಸಾವಿರ ಯೂರೋ ದಾಟುತ್ತದೆ. ಕಂಪನಿ ಅರ್ಧ ಕೊಟ್ಟರೂ ಉಳಿದರ್ಧ ನಿಮ್ಮದೇ. ಸರ್ಕಾರಿ ಲಿಸೆಗೆ ಫೀಸೇ ಇಲ್ಲ.

ಇನ್ನು ಅಂಕಗಳ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಜಾಸ್ತಿ ನೋವಾಗುವುದು ಇಲ್ಲೇ. ನನ್ನ ಅಕ್ಕನ ಮಗ ಗ್ರೆನೋಬಲ್‌ನಲ್ಲಿ 2023ರಲ್ಲಿ ಬಾಕ್ ಮುಗಿಸಿದ. ಸರಾಸರಿ ಇಪ್ಪತ್ತಕ್ಕೆ ಹದಿನಾಲ್ಕೂವರೆ. ಹಾಸನಕ್ಕೆ ಫೋನ್ ಮಾಡಿ ಹೇಳಿದಾಗ ಅವನ ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಎಪ್ಪತ್ತೆರಡಾ? ಹುಷಾರಿರಲಿಲ್ವಾ ಮಗು?" ಅಂದರು. ಹುಡುಗನಿಗೆ ಬಂದದ್ದು "ಬಿಯಾಂ" ದರ್ಜೆ, ಅಂದರೆ ಚೆನ್ನಾಗಿದೆ ಅಂತ. ಅಲ್ಲಿ ಹತ್ತು ಬಂದರೆ ಪಾಸು, ಹನ್ನೆರಡಕ್ಕೆ ಒಂದು ದರ್ಜೆ, ಹದಿನಾಲ್ಕಕ್ಕೆ ಬಿಯಾಂ, ಹದಿನಾರಕ್ಕೆ ಅತ್ಯುತ್ತಮ. ಪ್ರಬಂಧಕ್ಕೆ ಇಪ್ಪತ್ತಕ್ಕೆ ಇಪ್ಪತ್ತು ಕೊಡುವ ಟೀಚರ್ ಅಪರೂಪ. ನಮ್ಮಲ್ಲಿ ತೊಂಬತ್ತೈದು ಬಂದವರೂ ಸೀಟಿಗೆ ಪರದಾಡುತ್ತಾರೆ. ಹಾಗಾಗಿ ಹದಿನಾಲ್ಕನ್ನು ನೂರಕ್ಕೆ ಎಪ್ಪತ್ತು ಅಂತ ಗುಣಿಸಿ ನೋಡಿದರೆ ಆ ಮಗುವಿಗೆ ಅನ್ಯಾಯ.

ಐಬಿಗೆ ಹೋದರೂ ಈ ತೊಂದರೆ ತಪ್ಪುವುದಿಲ್ಲ. ಅಲ್ಲಿ ಪೂರ್ತಿ ಅಂಕ 45. ಪ್ರಪಂಚದ ಸರಾಸರಿ 30ರ ಆಸುಪಾಸು. 36 ತೆಗೆದ ಮಗು ಚೆನ್ನಾಗಿ ಓದಿದ ಮಗು. ನಮ್ಮ ಲೆಕ್ಕದಲ್ಲಿ ಗುಣಿಸಿದರೆ ಅದೂ ಎಂಬತ್ತೇ. ಊರಿನಲ್ಲಿ ಡಿಗ್ರಿ ಸೇರಬೇಕಾದರೆ ಎರಡಕ್ಕೂ ಪಿಯುಸಿಗೆ ಸಮ ಅಂತ ಸಮಾನತಾ ಪತ್ರ ಮಾಡಿಸಬೇಕು. ಎಂಜಿನಿಯರಿಂಗ್, ಮೆಡಿಕಲ್ ಬೇಕಾದರೆ ಜೆಇಇ, ನೀಟ್ ರ‍್ಯಾಂಕು ಮುಖ್ಯ. ಅದಕ್ಕೆ ಓದಬೇಕಾದ್ದು ಎನ್‌ಸಿಇಆರ್‌ಟಿ ಪುಸ್ತಕ. ಬಾಕ್ ಆಗಲಿ ಐಬಿ ಆಗಲಿ ಆ ತಯಾರಿ ಮಾಡಿಸುವುದಿಲ್ಲ.

ಐಬಿಯ ಬಗ್ಗೆ ನನಗೆ ಗೌರವವಿದೆ. ನಿಮ್ಮ ಮಗಳಿಗೆ ಅದರಲ್ಲಿ ನಿಜವಾದ ಒಂದು ಲಾಭವೂ ಇದೆ. ಆರು ವಿಷಯ, ಅದರಲ್ಲಿ ಮೂರು ಮೇಲಿನ ಮಟ್ಟದಲ್ಲಿ. ಅವಳು ಜೀವಶಾಸ್ತ್ರ, ಇತಿಹಾಸ ಎರಡನ್ನೂ ಮೇಲಿನ ಮಟ್ಟದಲ್ಲಿ ಕೊನೆಯವರೆಗೆ ಓದಬಹುದು. ಜೊತೆಗೆ ತನಗಿಷ್ಟವಾದ ಪ್ರಶ್ನೆ ಹಿಡಿದು ನಾಲ್ಕು ಸಾವಿರ ಪದಗಳ ಪ್ರಬಂಧ ಬರೆಯಬೇಕು. ಕುತೂಹಲ ಇರುವ ಮಕ್ಕಳು ಆ ಪ್ರಬಂಧದಲ್ಲಿ ಅರಳುವುದನ್ನು ನಾನು ನೋಡಿದ್ದೇನೆ. ಶಾಲೆಯಲ್ಲಿ ಫ್ರೆಂಚನ್ನೂ ಇಂಗ್ಲಿಷನ್ನೂ ಮೊದಲ ಭಾಷೆಯ ಮಟ್ಟದಲ್ಲಿ ಕಲಿಸಿದರೆ ದ್ವಿಭಾಷಾ ಡಿಪ್ಲೊಮಾ ಸಿಗುತ್ತದೆ, ಅವಳ ಫ್ರೆಂಚ್ ಹಾಳಾಗುವುದಿಲ್ಲ.

ಫ್ರೆಂಚ್ ಬಾಕ್‌ನಲ್ಲಿ ಆಯ್ಕೆ ಕಠಿಣ. ಹಿಂದೆ ಸೈನ್ಸು, ಅರ್ಥಶಾಸ್ತ್ರ, ಸಾಹಿತ್ಯ ಅಂತ ಮೂರು ವಿಭಾಗ ಇದ್ದವು. 2021ರ ಬಾಕ್‌ನಿಂದ ಅವು ಇಲ್ಲ. ಈಗ ಪ್ರೆಮಿಯೇರ್‌ನಲ್ಲಿ ಮೂರು ಸ್ಪೆಸಿಯಾಲಿತೆ, ಅಂದರೆ ಮಗುವೇ ಆರಿಸಿಕೊಳ್ಳುವ ಮುಖ್ಯ ವಿಷಯಗಳು, ಒಂದೊಂದಕ್ಕೂ ವಾರಕ್ಕೆ ನಾಲ್ಕು ಗಂಟೆ. ತೆರ್ಮಿನಾಲ್‌ಗೆ ಹೋಗುವಾಗ ಅದರಲ್ಲಿ ಒಂದನ್ನು ಬಿಡಬೇಕು, ಉಳಿದೆರಡಕ್ಕೆ ಆರಾರು ಗಂಟೆ. ಈ ಬಿಡುವ ವಿಷಯದಲ್ಲೇ ಎಷ್ಟೋ ಮನೆಗಳಲ್ಲಿ ಜಗಳ. ನಿಮ್ಮ ಮಗಳು ಜೀವಶಾಸ್ತ್ರ, ಇತಿಹಾಸ ಮತ್ತು ರಾಜಕೀಯದ ವಿಷಯ, ಮೂರನೆಯದಾಗಿ ಭೌತ-ರಸಾಯನಶಾಸ್ತ್ರ ತೆಗೆದುಕೊಂಡಳು ಅಂತಿಟ್ಟುಕೊಳ್ಳಿ. ವರ್ಷ ಕಳೆದ ಮೇಲೆ ಇತಿಹಾಸ ಬಿಡುವುದಾ, ಭೌತ-ರಸಾಯನ ಬಿಡುವುದಾ? ಡಾಕ್ಟರಾಗುವ ಆಸೆ ಇದ್ದರೆ, ಅದರಲ್ಲೂ ಊರಿನಲ್ಲಿ, ಭೌತ-ರಸಾಯನ ಮತ್ತು ಜೀವಶಾಸ್ತ್ರ ಎರಡೂ ಕೊನೆಯವರೆಗೆ ಇರಲೇಬೇಕು. ಆಗ ಇತಿಹಾಸ ಬಿಡಬೇಕಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಎಲ್ಲರಿಗೂ ಇರುವ ಸಾಮಾನ್ಯ ಇತಿಹಾಸ-ಭೂಗೋಳ ವಾರಕ್ಕೆ ಮೂರು ಗಂಟೆ ಉಳಿಯುತ್ತದೆ. ಈ ಒಂದು ವಿಚಾರದಲ್ಲಿ ಬಾಕ್ ಐಬಿಗಿಂತ ಸುಲಭ. ಭೌತ ಮತ್ತು ರಸಾಯನ ಬಾಕ್‌ನಲ್ಲಿ ಒಂದೇ ವಿಷಯ. ಐಬಿಯಲ್ಲಿ ಅವು ಎರಡು. ಜೀವಶಾಸ್ತ್ರವೂ ಸೇರಿ ಮೂರನ್ನೂ ಓದಬೇಕಾದರೆ ಶಾಲೆಯ ಮೂಲಕ ವಿಶೇಷ ಒಪ್ಪಿಗೆ ಬೇಕು.

ಗಣಿತದ ಬಗ್ಗೆ ಒಂದು ಮಾತು. ಸ್ಪೆಸಿಯಾಲಿತೆಯಾಗಿ ತೆಗೆದುಕೊಳ್ಳದಿದ್ದರೂ ಪ್ರೆಮಿಯೇರ್‌ನಲ್ಲಿ ವಾರಕ್ಕೆ ಒಂದೂವರೆ ಗಂಟೆ ಗಣಿತ ಎಲ್ಲರಿಗೂ ಇದೆ. 2026ರಿಂದ ಆ ವರ್ಷದ ಕೊನೆಗೆ ಎಲ್ಲರಿಗೂ ಗಣಿತ ಪರೀಕ್ಷೆ ಕೂಡ. ಅವಳಿಗೆ ಮುಂದೆ ವಿಜ್ಞಾನ ಬೇಕು ಅನ್ನಿಸಿದರೆ ಇಷ್ಟು ಸಾಲದು. ಲಿಸೆಯಲ್ಲಿ ಕೇಳಿ ನೋಡಿ.

ಈಗ ವಾಪಸ್ ಹೋಗುವ ಪ್ರಶ್ನೆ. ನಿಮ್ಮ ಪತ್ರದಲ್ಲಿ "ನಾಳೆ" ಅಂತ ಬರೆದಿದ್ದೀರಿ. ಆ ನಾಳೆ ಯಾವಾಗ? ಮನೆಯವರ ಹತ್ತಿರ ಕೂತು ಇದೊಂದನ್ನು ಮಾತ್ರ ಗಟ್ಟಿಯಾಗಿ ಕೇಳಿ. ಬಾಕ್ ಮುಗಿದ ಮೇಲೆ ಹೋಗುವುದಾದರೆ ಚಿಂತೆಯಿಲ್ಲ. ಪ್ರೆಮಿಯೇರ್ ಮುಗಿದು ತೆರ್ಮಿನಾಲ್ ಬಾಕಿ ಇರುವಾಗ ಹೋಗಬೇಕಾದರೆ ಮಾತ್ರ ಕಷ್ಟ. ಪುದುಚೇರಿಯಲ್ಲಿ 1826ರಿಂದ ನಡೆದುಬಂದ ಫ್ರೆಂಚ್ ಲಿಸೆ ಇದೆ, ದೆಹಲಿಯಲ್ಲಿ ಇದೆ. ಹದಿನೇಳರ ಹುಡುಗಿಯನ್ನು ಬೆಂಗಳೂರಿನ ಮನೆ ಬಿಟ್ಟು ಅಲ್ಲಿ ಇರಿಸಬೇಕು. ಇಲ್ಲವೇ ಫ್ರೆಂಚ್ ಸರ್ಕಾರದ ದೂರಶಿಕ್ಷಣ ಸಂಸ್ಥೆ ಕ್ನೆದ್ ಮೂಲಕ ಒಬ್ಬಳೇ ಕೂತು ಓದಬೇಕು. ಎರಡೂ ಸುಲಭವಲ್ಲ. ಬೆಂಗಳೂರಿನಲ್ಲಿ ಐಬಿ ಶಾಲೆಗಳು ಬೇಕಾದಷ್ಟಿವೆ. ಊರೂರು ಸುತ್ತುವ ಮನೆಗಳಿಗಾಗಿ ಹುಟ್ಟಿದ ಕೋರ್ಸು ಅಂತ ಆಗಲೇ ಹೇಳಿದೆನಲ್ಲ, ಇಂಥ ಹೊತ್ತಿನಲ್ಲಿ ಅದು ಕೈ ಹಿಡಿಯುತ್ತದೆ. ಆಗಲೂ ಅವಳು ತೆಗೆದುಕೊಂಡ ಅದೇ ವಿಷಯಗಳು ಅದೇ ಮಟ್ಟದಲ್ಲಿ ಹೊಸ ಶಾಲೆಯಲ್ಲಿ ಇರಬೇಕು, ಅದನ್ನು ಮೊದಲೇ ವಿಚಾರಿಸಿ.

ನಡುವಿನ ದಾರಿಯೊಂದಿದೆ, ಅದನ್ನು ನೀವು ನೋಡಿದಂತಿಲ್ಲ. ಫ್ರೆಂಚ್ ಬಾಕ್‌ನಲ್ಲೇ ಅಂತರರಾಷ್ಟ್ರೀಯ ವಿಭಾಗ ಇದೆ. 2024ರಿಂದ ಅದರ ಹೆಸರು ಬೇಎಫ್ಈ, ಅಂದರೆ ಫ್ರೆಂಚ್ ಅಂತರರಾಷ್ಟ್ರೀಯ ಬಾಕ್. ಹೆಸರು ಕೇಳಿ ಇದೇ ಐಬಿ ಅಂದುಕೊಳ್ಳಬೇಡಿ, ಇದು ಪೂರ್ತಿ ಫ್ರೆಂಚ್ ಬಾಕೇ. ಅದರ ಜೊತೆಗೆ ಇಂಗ್ಲಿಷ್ ಸಾಹಿತ್ಯವನ್ನು ಇಂಗ್ಲಿಷಿನಲ್ಲೇ ಓದುತ್ತಾರೆ, ಇತಿಹಾಸ-ಭೂಗೋಳದ ಒಂದು ಭಾಗವನ್ನೂ ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಇತಿಹಾಸ ಇಷ್ಟಪಡುವ, ಇಂಗ್ಲಿಷ್ ಬರುವ ಹುಡುಗಿಗೆ ಹೇಳಿ ಮಾಡಿಸಿದ ಹಾಗಿದೆ. ಸರ್ಕಾರಿ ಲಿಸೆಗಳಲ್ಲೂ ಇದೆ. ಸೇರಲು ಸಾಮಾನ್ಯವಾಗಿ ಭಾಷಾ ಪರೀಕ್ಷೆ ಇರುತ್ತದೆ, ಪ್ರೆಮಿಯೇರ್‌ಗೆ ಸೀಟು ಕಡಿಮೆ. ಈ ವಾರವೇ ಫೋನ್ ಮಾಡಿ. ಮನೆಯವರ ಆಸೆ, ಮಗಳ ಆಸೆ ಎರಡೂ ಅಲ್ಲಿ ಕೂಡಬಹುದು.

ಸೆಗೊಂಡ್‌ನ ಮೂರನೇ ತ್ರೈಮಾಸಿಕದಲ್ಲಿ ಕೊನೆಯ ಆಯ್ಕೆ ಬರೆದು ಕೊಡಬೇಕು. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಮಗಳಿಗೆ ಇಷ್ಟವಾದ ಯಾವುದಾದರೂ ಪಾಠದ ಬಗ್ಗೆ, ಜೀವಶಾಸ್ತ್ರವೋ ಇತಿಹಾಸವೋ, ಒಂದು ಪುಟ ಫ್ರೆಂಚಿನಲ್ಲಿ, ಒಂದು ಪುಟ ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ಎರಡನ್ನೂ ಮನೆಯವರ ಮುಂದಿಡಿ. ಯಾವುದು ಸರಾಗವಾಗಿ ಬಂತು, ಎಲ್ಲಿ ಪೆನ್ನು ನಿಂತಿತು ಅಂತ ಅವಳ ಬಾಯಿಂದಲೇ ಕೇಳಿ. ಆಮೇಲೆ ಅವಳು ಯಾವ ಮೂರು ವಿಷಯ ಆರಿಸಿಕೊಂಡಳು ಅಂತ ನಮಗೆ ಬರೆಯಿರಿ. ಅವಳೇ ಕನ್ನಡದಲ್ಲಿ ಬರೆದರೆ, ತಪ್ಪಿದ್ದರೂ ಪರವಾಗಿಲ್ಲ, ಹಾಗೇ ಅಚ್ಚು ಹಾಕುತ್ತೇವೆ.