ಪಿಎಚ್ ಡೌನ್ ಹಾಕಿದರೂ ಮೀನಿನ ಟ್ಯಾಂಕಿನ ಪಿಎಚ್ ಮತ್ತೆ 8.2ಕ್ಕೇ ಏರುತ್ತದೆ, ಯಾಕೆ?

ಬೋರ್‌ವೆಲ್ ನೀರು, ಗಪ್ಪಿಗಳ ಜೊತೆ ಎಂಟು ನಿಯಾನ್ ಟೆಟ್ರಾ, ಮೂರು ಸಲ ಪಿಎಚ್ ಡೌನ್ (ಪಿಎಚ್, ಅಂದರೆ ನೀರಿನ ಆಮ್ಲತೆ ತೋರಿಸುವ ಅಂಕಿ, ಇಳಿಸುವ ಆಮ್ಲದ ಹನಿ) ಹಾಕಿಯಾಗಿದೆ ಅಂತ ಬರೆದಿದ್ದೀರಿ. ಮೊದಲು ಆ ಬಾಟಲಿಯನ್ನು ಎತ್ತಿಡಿ.

ನಾನೂ ಇದೇ ತಪ್ಪು ಮಾಡಿದವನು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಎರಡಡಿ ಟ್ಯಾಂಕ್ ಇಟ್ಟಿದ್ದೆ. ರಾತ್ರಿ ಹನಿ ಹಾಕಿ 7ಕ್ಕೆ ಇಳಿಸಿ ಮಲಗುತ್ತಿದ್ದೆ, ಬೆಳಗ್ಗೆ ಎದ್ದರೆ ಮತ್ತೆ 8. ನಾಲ್ಕನೇ ದಿನಕ್ಕೆ ಐದು ಟೆಟ್ರಾ ಹೋದವು. ಸುಮ್ನೆ 8ರಲ್ಲೇ ಬಿಟ್ಟಿದ್ದರೆ ಬಹುಶಃ ಬದುಕುತ್ತಿದ್ದವು. ಪಿಎಚ್ ಒಂದು ಅಂಕಿ ಇಳಿಯಿತು ಅಂದರೆ ಆಮ್ಲತೆ 10 ಪಟ್ಟು ಏರಿತು ಅಂತ ಅರ್ಥ. ದಿನಾ ಆ ಉಯ್ಯಾಲೆ ಅಷ್ಟು ಪುಟ್ಟ ಮೀನಿಗೆ ಹೇಗೆ ತಡೆದೀತು?

ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟುತ್ತದೆ ಅಲ್ವಾ? ಅದರ ಮೂಲ ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್. ನೀವು ಹಾಕಿದ ಆಮ್ಲವನ್ನು ಅದು ನುಂಗಿ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆ ಅನಿಲ ನೀರಿನಲ್ಲಿರುವವರೆಗೆ ಪಿಎಚ್ ಕಡಿಮೆ. ರಾತ್ರಿಯಿಡೀ ಏರ್ ಪಂಪ್ ಓಡಿ ಅದು ಹಾರಿಹೋದರೆ ಪಿಎಚ್ ಮತ್ತೆ ಮೇಲೆ. ಈ ತಡೆಯುವ ಶಕ್ತಿಯ ಅಳತೆಯೇ ಕೆಎಚ್. ಹಟ ಹಿಡಿದು ಆಮ್ಲ ಸುರಿಯುತ್ತಲೇ ಹೋದರೆ ಒಂದು ದಿನ ಕೆಎಚ್ ಪೂರ್ತಿ ಖಾಲಿಯಾಗಿ ಪಿಎಚ್ ಧಡಕ್ಕನೆ ಬೀಳುತ್ತದೆ. ನಿಂಬೆರಸ ಹಿಂಡಿ ಅನ್ನುವವರೂ ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಹಾಗಾಗಿ ಕೆಎಚ್ ಅಳೆಯುವ ಒಂದು ಕಿಟ್ ತನ್ನಿ. ಬೋರ್ ನೀರನ್ನು ಲೋಟದಲ್ಲಿ 24 ಗಂಟೆ ಇಟ್ಟು ಆಮೇಲೆ ಪಿಎಚ್ ನೋಡಿ, ಆಗಲೇ ಅದರ ನಿಜವಾದ ಅಂಕಿ ಸಿಗುವುದು. ಅಲಂಕಾರದ ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು, ಪಿಎಚ್ ಏರಿಸುತ್ತದೆ, ಹೊರಗೆ ಹಾಕಿ.

ಗಪ್ಪಿಗಳಿಗೆ ನಿಮ್ಮ ನೀರು ಹಬ್ಬ, ಅವಕ್ಕೆ ಗಡಸು ನೀರೇ ಇಷ್ಟ. ಟೆಟ್ರಾಗಳಿಗೆ ಮೆದು ನೀರು ಬೇಕು. ಒಂದೇ ಟ್ಯಾಂಕಿನಲ್ಲಿ ಎರಡನ್ನೂ ಸುಖವಾಗಿಡುವುದು ಕಷ್ಟ. ನನ್ನನ್ನು ಕೇಳಿದರೆ ಟೆಟ್ರಾಗಳನ್ನು ಮೆದು ನೀರಿರುವ ಗೆಳೆಯರಿಗೆ ಕೊಟ್ಟುಬಿಡಿ. ಮನಸ್ಸು ಬರಲಿಲ್ಲ ಅಂದರೆ ಆರ್‌ಓ ನೀರು ಬೆರೆಸಿ. ಅರ್ಧಕ್ಕರ್ಧ ಬೆರೆಸಿದರೆ ಕೆಎಚ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದರೆ ಒಂದೇ ದಿನ ಬೇಡ, ವಾರಕ್ಕೆ ಶೇ 10-15ರಷ್ಟು ನೀರು ಬದಲಿಸುತ್ತಾ ಹೋಗಿ. ಕಾಡುಬಾದಾಮಿಯ ಒಣ ಎಲೆ ಹಾಕಬಹುದು, ಮೀನಿಗೆ ಒಳ್ಳೆಯದೇ. ಇಷ್ಟು ಗಡಸು ನೀರಿನಲ್ಲಿ ಪಿಎಚ್ ಮಾತ್ರ ಅದರಿಂದ ಅಲುಗುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ 8.2ಕ್ಕೆ ಹೆದರಬೇಕು: ಮೀನಿನ ಹೊಲಸು, ಉಳಿದ ಊಟದಿಂದ ಬರುವ ಅಮೋನಿಯಾ. ಪಿಎಚ್ 7ರಲ್ಲಿ ಅದರ ವಿಷದ ರೂಪ ಶೇ 1ಕ್ಕಿಂತ ಕಡಿಮೆ. 8.2ರಲ್ಲಿ, ನಮ್ಮ ಬಿಸಿಲಿಗೆ, ಸುಮಾರು ಶೇ 9. ಆದ್ದರಿಂದ ಊಟ ಜಾಸ್ತಿ ಹಾಕಬೇಡಿ, ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಇರುವುದು.

ಕರಾವಳಿಯ ಮುರಕಲ್ಲು ಬಾವಿಯವರ ಗೋಳು ಇದಕ್ಕೆ ಉಲ್ಟಾ. ಅಕ್ಕನ ಮನೆಯಲ್ಲಿ ಪಿಎಚ್ 6ರ ಆಸುಪಾಸು, ಅದು ಏರಲಿ ಅಂತ ಫಿಲ್ಟರಿನಲ್ಲಿ ಒಂದು ಹಿಡಿ ಕಪ್ಪೆಚಿಪ್ಪು ಇಟ್ಟಿದ್ದಾಳೆ.

ಕೆಎಚ್ ಎಷ್ಟು ಬಂತು ಹೇಳಿ, ಆರ್‌ಓ ಎಷ್ಟು ಬೆರೆಸಬೇಕು ಅಂತ ಲೆಕ್ಕ ಹಾಕೋಣ.