ಸಂಪಾದಕರ ಉತ್ತರ: ಬಂದೂಕಿನ ತೋಟೆಯ ಅಭಾವ ಮತ್ತು ಅದರ ಹಿಂದಿನ ಸುದ್ದಿಗಳು

(ಟೆಕ್ಸಾಸ್‌ನಲ್ಲಿ ನೆಲೆಸಿರುವ, ಕೊಡಗು ಮೂಲದ ಓದುಗರೊಬ್ಬರ ಪತ್ರದ ಸಾರ: ಅವರ ಕನ್ನಡ ವಾಟ್ಸ್‌ಆ್ಯಪ್ ಬಳಗಕ್ಕೆ ಬಂದ ಸಂದೇಶವೊಂದರ ಪ್ರಕಾರ ಅಮೆರಿಕ ಸರ್ಕಾರ 160 ಕೋಟಿ ತೋಟೆಗಳನ್ನು ಗುಟ್ಟಾಗಿ ಕೊಳ್ಳುತ್ತಿದೆ, ದೇಶದ ಕಟ್ಟಕಡೆಯ ಸೀಸದ ಕುಲುಮೆಯನ್ನು ಮುಚ್ಚಿಸಲಾಗಿದೆ, ಕಂಪನಿಗಳು ಸರಕನ್ನು ಗೋದಾಮಿನಲ್ಲಿ ಅಡಗಿಸಿಟ್ಟಿವೆ, ಮೂರು ತಿಂಗಳಲ್ಲಿ ಬೆಲೆ ಮೂರು ಪಟ್ಟಾಗಲಿದೆ. ಈ ಎಚ್ಚರಿಕೆಯನ್ನು ಪ್ರಕಟಿಸುವಂತೆ ಅವರು ಹಿಂದೆ ಕೋರಿದ್ದರು. ನಾವು ಪ್ರಕಟಿಸಲಿಲ್ಲ. "ನಿಜ ಹೇಳಲು ನಿಮಗೂ ಅಂಜಿಕೆಯೇ?" ಎಂದು ಈಗ ಕೇಳಿದ್ದಾರೆ. ಸಂದೇಶವನ್ನು ನಂಬಿ ತಾವು ಪಿಸ್ತೂಲಿಗೆ ಬಳಸುವ 9 ಎಂಎಂ ತೋಟೆಯ 20 ಪೆಟ್ಟಿಗೆ ಕೊಂಡಿರುವುದಾಗಿಯೂ, ಇನ್ನೂ ಕೊಳ್ಳಬೇಕೆ ಎಂಬ ಗೊಂದಲದಲ್ಲಿರುವುದಾಗಿಯೂ ತಿಳಿಸಿದ್ದಾರೆ.)

ಮಾನ್ಯರೇ,

ಅಂಜಿಕೆಯಿಂದಲ್ಲ, ಓದಿದ ಕೂಡಲೇ ಗುರುತು ಸಿಕ್ಕಿದ್ದರಿಂದ ನಿಮ್ಮ ಎಚ್ಚರಿಕೆಯನ್ನು ಬದಿಗಿಟ್ಟೆವು. ನೀವು ಕಳಿಸಿದ ಸಂದೇಶದ ಮೊದಲೆರಡು ಮಾತುಗಳು 2012 ಮತ್ತು 2013ರಲ್ಲಿ ಅಮೆರಿಕದ ತುಂಬ ಓಡಾಡಿದವು. ಯಾರೋ ಅವುಗಳ ತಾರೀಖನ್ನು ಕಿತ್ತುಹಾಕಿ, ಕನ್ನಡಕ್ಕೆ ತಂದು, ನಿನ್ನೆ ಮೊನ್ನೆ ನಡೆದ ಸಂಗತಿಯೆಂಬಂತೆ ಹಂಚಿದ್ದಾರೆ. ಆದರೆ ನಿಮ್ಮ ಪ್ರಶ್ನೆಯನ್ನು "ಇದು ಸುಳ್ಳು" ಎಂಬ ಎರಡೇ ಪದಗಳಲ್ಲಿ ಮುಗಿಸುವಂತಿಲ್ಲ. ಏಕೆಂದರೆ ಆ ಮಾತುಗಳು ಹುರುಳಿಲ್ಲದವಾಗಿದ್ದರೂ ಅವು ಹಬ್ಬಿದ ದಿನಗಳಲ್ಲಿ ಅಂಗಡಿಯ ಕಪಾಟುಗಳು ಖಾಲಿಯಾಗಿದ್ದವು ಎಂಬುದು ನಿಜ.

ಮೊದಲು 160 ಕೋಟಿಯ ಲೆಕ್ಕ. ಅಮೆರಿಕದ ಆಂತರಿಕ ಭದ್ರತಾ ಇಲಾಖೆ ತನ್ನ ಸಿಬ್ಬಂದಿಯ ತರಬೇತಿಗೆ ತೋಟೆ ಕೊಳ್ಳಲು ಹಲವು ವರ್ಷಗಳ ಗುತ್ತಿಗೆ ಮಾಡಿಕೊಳ್ಳುತ್ತದೆ. 2012ರ ಮಾರ್ಚ್‌ನಲ್ಲಿ ಪ್ರಕಟವಾದ ಅಂಥ ಒಂದು ಗುತ್ತಿಗೆಯಲ್ಲಿ, ಐದು ವರ್ಷಗಳಲ್ಲಿ "ಗರಿಷ್ಠ" 45 ಕೋಟಿ ತೋಟೆ ಎಂದಿತ್ತು. ಗರಿಷ್ಠವೆಂದರೆ ಅಷ್ಟನ್ನೂ ಕೊಳ್ಳಲೇಬೇಕೆಂದಲ್ಲ, ಅಲ್ಲಿಯವರೆಗೆ ನಿಗದಿತ ದರದಲ್ಲಿ ಕೊಳ್ಳಬಹುದು ಎಂದಷ್ಟೇ ಅರ್ಥ. ಇಂಥ ಹಲವು ಗುತ್ತಿಗೆ ಮತ್ತು ಟೆಂಡರ್‌ಗಳ ಮೇಲ್ಮಿತಿಗಳನ್ನು ಒಟ್ಟು ಕೂಡಿಸಿ, ವರ್ಷಗಳ ಲೆಕ್ಕವನ್ನು ಬಿಟ್ಟು, "ಗುಟ್ಟಾಗಿ" ಎಂಬ ಪದವನ್ನು ಸೇರಿಸಿದಾಗ 160 ಕೋಟಿ ಸಿದ್ಧವಾಯಿತು. ಟೆಂಡರ್ ಪ್ರಕಟಣೆಯಲ್ಲೇ ಇದ್ದದ್ದು ಗುಟ್ಟು ಹೇಗಾಯಿತೋ ಕಾಣೆ. ಅಲ್ಲಿನ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ 2014ರ ಜನವರಿಯಲ್ಲಿ ವರದಿ ಕೊಟ್ಟಿತು. 2008ರಿಂದ 2013ರವರೆಗಿನ ಹಣಕಾಸು ವರ್ಷಗಳಲ್ಲಿ ಇಲಾಖೆ ಕೊಂಡದ್ದು ವರ್ಷಕ್ಕೆ ಸರಾಸರಿ 10.9 ಕೋಟಿ ತೋಟೆ. ಆಯುಧ ಹೊರುವ ಸಿಬ್ಬಂದಿ 70,000ಕ್ಕೂ ಹೆಚ್ಚು. 2009ರ ಬಳಿಕ ಖರೀದಿ ಇಳಿಯುತ್ತಲೇ ಬಂದಿತ್ತು. ಅಂದರೆ ಅಂಗಡಿಗಳು ಖಾಲಿಯಾಗಿದ್ದ ವರ್ಷದಲ್ಲಿಯೇ ಸರ್ಕಾರ ಮೊದಲಿಗಿಂತ ಕಡಿಮೆ ಕೊಳ್ಳುತ್ತಿತ್ತು.

ಅದೇ 2012ರಲ್ಲಿ, ಪಿಂಚಣಿ ಕೊಡುವ ಸಾಮಾಜಿಕ ಭದ್ರತಾ ಆಡಳಿತ 1,74,000 ತೋಟೆ ಕೊಳ್ಳುತ್ತಿದೆ ಎಂಬ ಸುದ್ದಿಯೂ ದೊಡ್ಡ ಗದ್ದಲ ಎಬ್ಬಿಸಿತ್ತು. ಮುದುಕರಿಗೆ ಹಣ ಕೊಡುವ ಕಚೇರಿಗೆ ಗುಂಡೇಕೆ ಎಂಬುದು ಕೇಳಲು ಚೆನ್ನಾಗಿದೆ. ಆ ಕಚೇರಿಯಲ್ಲಿ ವಂಚನೆಯ ತನಿಖೆ ಮಾಡುವ 295 ಸಶಸ್ತ್ರ ಅಧಿಕಾರಿಗಳಿದ್ದರು. ಭಾಗಿಸಿದರೆ ತಲೆಗೆ 590 ತೋಟೆ, ಅಂದರೆ ವರ್ಷವಿಡೀ ಗುರಿಯ ಅಭ್ಯಾಸಕ್ಕೆ ತಿಂಗಳಿಗೆ ಒಂದು ಪೆಟ್ಟಿಗೆ. ನೀವು ಒಮ್ಮೆಗೆ 20 ಪೆಟ್ಟಿಗೆ ಕೊಂಡಿದ್ದೀರಿ.

ಕುಲುಮೆಯ ಮಾತಿನಲ್ಲಿ ಅರ್ಧ ನಿಜವಿದೆ. ಮಿಸೌರಿ ರಾಜ್ಯದ ಹರ್ಕ್ಯುಲೇನಿಯಮ್ ಎಂಬ ಊರಿನಲ್ಲಿ 1892ರಿಂದ ನಡೆಯುತ್ತಿದ್ದ ಡೋ ರನ್ ಕಂಪನಿಯ ಕುಲುಮೆ 2013ರ ಡಿಸೆಂಬರ್‌ನಲ್ಲಿ ನಿಂತಿತು. ಗಾಳಿಯಲ್ಲಿ ಸೀಸ ಎಷ್ಟಿರಬಹುದು ಎಂಬ ಮಿತಿಯನ್ನು 2008ರಲ್ಲಿ ಬಿಗಿಗೊಳಿಸಿದ ಮೇಲೆ, ಅದಕ್ಕೆ ತಕ್ಕ ಹೊಸ ಸ್ಥಾವರ ಕಟ್ಟುವುದು ಕಂಪನಿಗೆ ಗಿಟ್ಟಲಿಲ್ಲ. ಆದರೆ ಅದು ಅದಿರಿನಿಂದ ಸೀಸ ತೆಗೆಯುವ ಕುಲುಮೆಗಳಲ್ಲಿ ಕೊನೆಯದು. ಗುಂಡಿಗೆ ಬೇಕಾದ ಸೀಸದ ಬಹುಪಾಲು ಬರುವುದು ಹಳೆಯ ವಾಹನ ಬ್ಯಾಟರಿಗಳನ್ನು ಕರಗಿಸುವ ಬೇರೆ ಕುಲುಮೆಗಳಿಂದ. ಅವು ನಡೆಯುತ್ತಲೇ ಇದ್ದವು. ಗುಂಡು ತಯಾರಕರೇ ಮುಂದೆ ಬಂದು ತಮಗೆ ತೊಂದರೆಯಿಲ್ಲವೆಂದರು. ಆ ಹೇಳಿಕೆಯನ್ನು ಯಾರೂ ಹಂಚಿಕೊಳ್ಳಲಿಲ್ಲ.

ಹಾಗಾದರೆ ಕಪಾಟು ಖಾಲಿಯಾದದ್ದೇಕೆ? ಇದನ್ನು ತುಸು ವಿವರವಾಗಿ ಹೇಳಬೇಕು.

2016ರ ನವೆಂಬರ್‌ನಲ್ಲಿ ದೆಹಲಿ ಮತ್ತು ಉತ್ತರ ಪ್ರದೇಶದ ಕಡೆ ಉಪ್ಪು ಸಿಗುವುದಿಲ್ಲವೆಂದು ಗುಲ್ಲೆದ್ದು ಜನ ಕಿರಾಣಿ ಅಂಗಡಿಗಳಿಗೆ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. ಗುಲ್ಲು ಬಹುಬೇಗ ಅಡಗಿತು, ಏಕೆಂದರೆ ಗೋದಾಮುಗಳಲ್ಲಿ ಉಪ್ಪಿತ್ತು, ಹೊಸ ಲಾರಿ ಬಂದು ನಿಂತಿತು. ತೋಟೆಯ ವಿಷಯದಲ್ಲಿ ಆ ಲಾರಿ ಅಷ್ಟು ಬೇಗ ಬರುವುದಿಲ್ಲ. ತೋಟೆಯೆಂದರೆ ಹಿತ್ತಾಳೆಯ ಕೊಳವೆ, ಮದ್ದು, ಗುಂಡು ಮತ್ತು ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಅಂದರೆ ನಿಮ್ಮೂರಿನ ಕೇಪಿನ ಕೋವಿಯ ಕೇಪಿನ ಮರಿಮಗ. ಈ ಕೇಪನ್ನು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದವರು ನಾಲ್ವರೇ: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ಅದರೊಳಗಿನ ಸ್ಫೋಟಕವು ತಟ್ಟಿದರೆ ಸಿಡಿಯುವಂಥದು. ಅದನ್ನು ಕಲಸುವ, ತುಂಬುವ ಕೆಲಸಕ್ಕೆ ಬೇರೆಯೇ ಕಟ್ಟಡ, ಬೇರೆಯೇ ಪರವಾನಗಿ, ಕೈಪಳಗಿದ ಕೆಲಸಗಾರರು ಬೇಕು. ಬೇಡಿಕೆ ಹೆಚ್ಚಾಯಿತೆಂದು ಮುಂದಿನ ತಿಂಗಳಿಗೆ ಇನ್ನೊಂದು ಶೆಡ್ ಹಾಕಿ ಶುರುಮಾಡುವ ಕಸುಬಲ್ಲ ಅದು. ಈಗಿರುವ ಕಾರ್ಖಾನೆ ಮೂರು ಪಾಳಿ ನಡೆಸಿದರೆ ಅದರ ಶಕ್ತಿ ಮುಗಿಯಿತು.

ಹಾಗಿದ್ದರೆ ಹೊಸ ಕಾರ್ಖಾನೆಗಳನ್ನೇ ಕಟ್ಟಬಹುದಲ್ಲ ಎಂದು ಯಾರಾದರೂ ಕೇಳಬಹುದು. ತಯಾರಕರು ಅಳೆದು ಸುರಿದು ನೋಡುವುದಕ್ಕೆ ಕಾರಣವಿದೆ. 2008ರಲ್ಲಿ ಒಬಾಮ ಗೆದ್ದಾಗ, 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು ಆರು ಮಂದಿ ದೊಡ್ಡವರು ಹತ್ಯೆಯಾದ ಮೇಲೆ ಹೊಸ ಕಾನೂನಿನ ಮಾತು ಎದ್ದಾಗ, ನಿಷೇಧ ಬರಬಹುದೆಂಬ ಭಯದಿಂದ ಕೊಳ್ಳುವಿಕೆ ಏರಿತು. 2016ರ ಚುನಾವಣೆಯ ನಂತರ ನಿಷೇಧದ ಭಯ ಹೋಯಿತು, ಕೊಳ್ಳುವವರೂ ಹೋದರು. ಮನೆಮನೆಯಲ್ಲಿ ಕೂಡಿಟ್ಟ ದಾಸ್ತಾನು ಇತ್ತು. 2018ರಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಇವತ್ತು ಮುಗಿಬಿದ್ದು ಕೊಳ್ಳುವವನು ನಾಳೆ ಕೊಳ್ಳುವುದಿಲ್ಲವೆಂದು ತಿಳಿದವನು ಆ ಬೇಡಿಕೆಯನ್ನು ನಂಬಿ ಕಾರ್ಖಾನೆ ಕಟ್ಟುವುದಿಲ್ಲ.

2013ರಲ್ಲಿ ಎಲ್ಲಕ್ಕಿಂತ ಕೆಟ್ಟ ಗತಿ ಬಂದದ್ದು .22 ತೋಟೆಗೆ. ಮಕ್ಕಳು ಗುರಿ ಕಲಿಯುವ, ಅಳಿಲು ಹೊಡೆಯುವ, ಎಲ್ಲಕ್ಕಿಂತ ಅಗ್ಗದ ತೋಟೆ ಅದು. ಸರ್ಕಾರದ ಯಾವ ಪಡೆಗೂ ಅದು ದೊಡ್ಡ ಪ್ರಮಾಣದಲ್ಲಿ ಬೇಕಿರಲಿಲ್ಲ, ಅದನ್ನು ನಿಷೇಧಿಸುವ ಪ್ರಸ್ತಾಪವೂ ಇರಲಿಲ್ಲ. 500ರ ಕಟ್ಟು 20 ಡಾಲರ್ ಆಸುಪಾಸಿನಲ್ಲಿ ಸಿಗುತ್ತಿದ್ದದ್ದು ಎರಡು ಮೂರು ವರ್ಷ ಸುಲಭವಾಗಿ ಸಿಗಲಿಲ್ಲ. ಲಾರಿ ಬರುವ ದಿನ ಗೊತ್ತುಮಾಡಿಕೊಂಡು ಬೆಳಗಿನ ಜಾವವೇ ಅಂಗಡಿ ಮುಂದೆ ನಿಂತು, ಇದ್ದಷ್ಟನ್ನೂ ಎತ್ತಿಕೊಂಡು, ವಾರಾಂತ್ಯದ ಬಂದೂಕು ಸಂತೆಯಲ್ಲಿ ದುಪ್ಪಟ್ಟಿಗೆ ಮಾರುವವರು ಹುಟ್ಟಿಕೊಂಡರು. ವಾಲ್‌ಮಾರ್ಟ್ 2013ರ ಜನವರಿಯಲ್ಲಿ ಒಬ್ಬರಿಗೆ ದಿನಕ್ಕೆ ಮೂರೇ ಪೆಟ್ಟಿಗೆ ಎಂದು ನಿಯಮ ಮಾಡಿತು. ನನಗನಿಸುವಂತೆ ಆ ನಿಯಮ ಎಷ್ಟು ತೋಟೆ ಉಳಿಸಿತೋ ಅಷ್ಟೇ ಭಯವನ್ನೂ ಹಂಚಿತು: ಒಂದು ಪೆಟ್ಟಿಗೆ ಸಾಕೆಂದು ಬಂದವನು ಅದನ್ನು ಓದಿ ಮೂರು ಕೊಂಡ, ಮರುದಿನ ಹೆಂಡತಿಯನ್ನೂ ಕರೆತಂದ. ಅವರಲ್ಲಿ ಯಾರನ್ನು ಕೇಳಿದರೂ "ನಾನು ನನ್ನ ಮಟ್ಟಿಗೆ ತುಸು ಇಟ್ಟುಕೊಂಡೆ" ಎಂದೇ ಹೇಳುತ್ತಿದ್ದರು, ಅದು ಸುಳ್ಳೂ ಅಲ್ಲ.

2020 ಇದರ ಹಿರಿಯಣ್ಣ. ಕೋವಿಡ್, ಬೀದಿ ಗಲಭೆ, ಚುನಾವಣೆ ಮೂರೂ ಒಂದೇ ವರ್ಷ. ಎಫ್‌ಬಿಐ ನಡೆಸುವ ಬಂದೂಕು ಖರೀದಿ ಪೂರ್ವಪರಿಶೀಲನೆಗಳು 2019ರಲ್ಲಿ 2.84 ಕೋಟಿ ಇದ್ದದ್ದು 2020ರಲ್ಲಿ 3.97 ಕೋಟಿಯಾಯಿತು. ಮೊದಲ ಬಾರಿಗೆ ಬಂದೂಕು ಕೊಂಡವರೇ 84 ಲಕ್ಷ ಎಂದು ಆ ಉದ್ಯಮದ ಸಂಘ ಅಂದಾಜಿಸಿತು. ಇವರೆಲ್ಲ ತಲಾ ಎರಡೇ ಪೆಟ್ಟಿಗೆ ಕೊಂಡರೂ 84 ಕೋಟಿ ತೋಟೆ. ಇದು ಹಳಬರ ಬೇಡಿಕೆಯ ಮೇಲೆ ಬಿದ್ದ ಹೊರೆ. ಇದೇ ಹೊತ್ತಿಗೆ ರೆಮಿಂಗ್ಟನ್ ಎರಡನೇ ಸಲ ದಿವಾಳಿಯಾಗಿ, ನಾಲ್ವರು ಕೇಪು ತಯಾರಕರಲ್ಲಿ ಒಬ್ಬರ ಕೆಲಸ ಕುಂಟಿತು. ಅರ್ಕನ್ಸಾದ ಲೋನೋಕ್‌ನ ಆ ಕಾರ್ಖಾನೆಯನ್ನು, ಫೆಡರಲ್ ಮತ್ತು ಸಿಸಿಐಗಳ ಒಡೆಯನಾದ ವಿಸ್ಟಾ ಔಟ್‌ಡೋರ್ 8.14 ಕೋಟಿ ಡಾಲರಿಗೆ ಕೊಂಡು ಮತ್ತೆ ದಾರಿಗೆ ತರಬೇಕಾಯಿತು. 50 ತೋಟೆಗಳ 9 ಎಂಎಂ ಪೆಟ್ಟಿಗೆ ಹತ್ತು ಡಾಲರ್ ಸುಮಾರಿಗೆ ಸಿಗುತ್ತಿದ್ದದ್ದು ಆ ಚಳಿಗಾಲದಲ್ಲಿ 40 ಡಾಲರ್ ಮುಟ್ಟಿತು.

ಗೋದಾಮಿನ ಆರೋಪ ಆಗಿನದೇ. ಅದು ಎಷ್ಟು ಹಬ್ಬಿತೆಂದರೆ 2020ರ ಡಿಸೆಂಬರ್‌ನಲ್ಲಿ ಫೆಡರಲ್ ಕಂಪನಿಯ ಅಧ್ಯಕ್ಷರೇ ಕ್ಯಾಮೆರಾ ಮುಂದೆ ಕುಳಿತು, ನಾವು ಎಷ್ಟು ಮಾಡಬಲ್ಲೆವೋ ಅಷ್ಟೂ ಮಾಡಿ ಕಳಿಸುತ್ತಿದ್ದೇವೆ ಎಂದು ತುಸು ಸಿಟ್ಟಿನಿಂದಲೇ ಹೇಳಬೇಕಾಯಿತು. ಕಂಪನಿಯ ಮಾತನ್ನು ಹಾಗೆಯೇ ನಂಬಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಬಳಿ ನೂರು ಕೋಟಿ ಡಾಲರಿಗೂ ಮೀರಿದ, ಪೂರೈಸದೆ ಉಳಿದ ಆರ್ಡರ್‌ಗಳಿದ್ದವು. ಆಗಲೇ ಮಾರಾಟವಾದ ಸರಕನ್ನು ಬಚ್ಚಿಟ್ಟು ಅವರು ಗಳಿಸುವುದೇನಿತ್ತು? ಅವರು ಬೆಲೆ ಏರಿಸಲಿಲ್ಲವೆಂದಲ್ಲ, ಏರಿಸಿದರು, ಚೆನ್ನಾಗಿ ಲಾಭವನ್ನೂ ಮಾಡಿದರು. ಆದರೆ ನಾಲ್ಕು ಪಟ್ಟು ಬೆಲೆಯಲ್ಲಿ ದೊಡ್ಡ ಭಾಗ ಸೇರಿದ್ದು ಕಾರ್ಖಾನೆ ದಾಟಿದ ಮೇಲೆ. ಬಚ್ಚಿಟ್ಟ ತೋಟೆ ಇದ್ದದ್ದು ಕಂಪನಿಯ ಗೋದಾಮಿನಲ್ಲಲ್ಲ, ಲಕ್ಷಾಂತರ ಮನೆಗಳ ಗ್ಯಾರೇಜುಗಳಲ್ಲಿ.

ಎಲ್ಲ ವದಂತಿಯೂ ಸುಳ್ಳೆಂದು ಬರೆದರೆ ನಾನೇ ತಪ್ಪುಗಾರನಾಗುತ್ತೇನೆ. 2009ರ ಮಾರ್ಚ್‌ನಲ್ಲಿ, ಸೇನೆ ಬಳಸಿದ ಹಿತ್ತಾಳೆಯ ಖಾಲಿ ಕೊಳವೆಗಳನ್ನು ಇನ್ನು ನಾಗರಿಕರಿಗೆ ಮಾರದೆ ಜಜ್ಜಿ ಗುಜರಿಗೆ ಹಾಕುತ್ತಾರೆಂಬ ಮಾತು ಬಂತು, ಅದು ನಿಜವಾಗಿತ್ತು. ಮೊಂಟಾನಾದ ಇಬ್ಬರು ಸೆನೆಟರ್‌ಗಳು ಆಕ್ಷೇಪಿಸಿದ ಬಳಿಕ ಕೆಲವೇ ದಿನಗಳಲ್ಲಿ ಆ ಆದೇಶ ಹಿಂದೆ ಸರಿಯಿತು. 2015ರ ಫೆಬ್ರವರಿಯಲ್ಲಿ ಎಂ855 ಎಂಬ ಹಸಿರು ತುದಿಯ ರೈಫಲ್ ತೋಟೆಯನ್ನು ನಿರ್ಬಂಧಿಸುವ ಪ್ರಸ್ತಾಪವೂ ನಿಜವೇ. 80,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದು, ಮಾರ್ಚ್ 10ರಂದು ಅದನ್ನು ಕೈಬಿಟ್ಟರು. ಅಷ್ಟರಲ್ಲಿ ದುಬಾರಿ ಬೆಲೆ ತೆತ್ತವರು ತೆತ್ತಾಗಿತ್ತು. 2021ರ ಆಗಸ್ಟ್‌ನಲ್ಲಿ, ರಷ್ಯಾದ ವಿರೋಧಿ ನಾಯಕ ನವಾಲ್ನಿಗೆ ವಿಷವಿಕ್ಕಿದ ಪ್ರಕರಣಕ್ಕಾಗಿ ರಷ್ಯಾದ ತೋಟೆಗಳಿಗೆ ಹೊಸ ಆಮದು ಪರವಾನಗಿ ನಿಲ್ಲಿಸಿದ್ದಂತೂ ಇಂದಿಗೂ ದಾಖಲೆಯಲ್ಲಿದೆ. ಆದರೆ ಹಳೆಯ ಪರವಾನಗಿಗಳು ಅವುಗಳ ಅವಧಿಯವರೆಗೆ ಊರ್ಜಿತವಾಗಿಯೇ ಇದ್ದವು. ಆ ಅರ್ಧವನ್ನು ಬಿಟ್ಟು ಉಳಿದರ್ಧವಷ್ಟೇ ಊರೂರು ತಿರುಗಿತು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. 2021ರ ಆರಂಭದಲ್ಲಿ ನಮ್ಮದೇ ಪುಟದಲ್ಲಿ, ಅಮೆರಿಕದ ಬದುಕಿನ ಬಗ್ಗೆ ಬರೆಯುವ ಅಂಕಣದಲ್ಲಿ, ತೋಟೆಯ ಬೆಲೆ ಇನ್ನೆಂದೂ ಇಳಿಯುವುದಿಲ್ಲವೆಂಬ ಸಾಲು ಅಚ್ಚಾಗಿತ್ತು. ನಾನೇ ತಿದ್ದಿ ಕಳಿಸಿದ ಪುಟ ಅದು. 2023ರ ವೇಳೆಗೆ ಅದೇ 9 ಎಂಎಂ ಪೆಟ್ಟಿಗೆ 13-14 ಡಾಲರಿಗೆ ಇಳಿದಿತ್ತು. ಹಳೆಯ ಹತ್ತು ಡಾಲರಿಗೆ ಮರಳಲಿಲ್ಲ, ನಿಜ. ತಾಮ್ರ, ಮದ್ದು, ಕೂಲಿ ಎಲ್ಲವೂ ಏರಿವೆ, ಉಕ್ರೇನ್ ಯುದ್ಧದ ನಂತರ ಮದ್ದಿಗೆ ಸೇನೆಗಳ ಪೈಪೋಟಿಯೂ ಇದೆ. ಆದರೂ "ಎಂದೂ ಇಳಿಯುವುದಿಲ್ಲ" ಎಂದು ಬರೆದು ನಾವೂ ಯಾರನ್ನೋ ಅಂಗಡಿಗೆ ಅಟ್ಟಿರಬಹುದು. ನಿಮ್ಮ ಸಂದೇಶವನ್ನು ಕೈಗೆತ್ತಿಕೊಂಡಾಗ ಆ ಸಾಲು ನೆನಪಿಗೆ ಬಂತು.

ಊರಿನಲ್ಲಿರುವ ನಿಮ್ಮ ತಂದೆಯವರು "ಅಲ್ಲಿ ಇಷ್ಟು ಸಿಗುವಾಗ ಕೊರತೆ ಎಲ್ಲಿಯದು" ಎಂದು ನಕ್ಕರೆಂದು ಬರೆದಿದ್ದೀರಿ. ಅವರ ನಗುವಿಗೆ ಅರ್ಥವಿದೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಭಾರತದಲ್ಲಿ ತೋಟೆಯ ವ್ಯಾಪಾರ ಅಂಗಡಿಯ ರಿಜಿಸ್ಟರಿನಲ್ಲಿ ದಾಖಲಾಗಿ, ನಿಯಮದ ಮಿತಿಯೊಳಗೆ ನಡೆಯುವಂಥದು. ಕೊಡವರ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿ ಹೊಡೆಯಲು, ಗದ್ದೆಗೆ ಇಳಿಯುವ ಹಂದಿ ಓಡಿಸಲು ಲೆಕ್ಕಹಾಕಿ ತೋಟೆ ತರುವ ಮನೆಯವರಿಗೆ ಸಾವಿರ ತೋಟೆ ಕೂಡಿಟ್ಟವರ ಅಭಾವ ಅರ್ಥವಾಗುವುದು ಕಷ್ಟ.

ಇನ್ನು ನಿಮ್ಮ 20 ಪೆಟ್ಟಿಗೆಗಳ ವಿಚಾರ. ನೀವು ತಿಂಗಳಿಗೆ ಎರಡು ಸಲ ಗುರಿ ಅಭ್ಯಾಸದ ರೇಂಜಿಗೆ ಹೋಗಿ ಒಂದೊಂದು ಪೆಟ್ಟಿಗೆ ಬಳಸುವುದಾಗಿ ಬರೆದಿದ್ದೀರಿ. ಹಾಗಿದ್ದರೆ ನಿಮ್ಮಲ್ಲಿರುವುದು ಹತ್ತು ತಿಂಗಳ ಸರಕು. ತಂಪಾದ, ಒಣಗಿದ, ಬೀಗ ಹಾಕಿದ ಜಾಗದಲ್ಲಿ ಇಟ್ಟ ಕಾರ್ಖಾನೆಯ ತೋಟೆ ದಶಕಗಳವರೆಗೆ ಕೆಡುವುದಿಲ್ಲ. ಆದ್ದರಿಂದ ಹಿಂದಿರುಗಿಸುವ ಅಗತ್ಯವೂ ಇಲ್ಲ, ಇಪ್ಪತ್ತೊಂದನೆಯದನ್ನು ಈಗ ಕೊಳ್ಳುವ ಅಗತ್ಯವೂ ಇಲ್ಲ. ನಿಮ್ಮ ಬಳಗಕ್ಕೆ ಆ ಸಂದೇಶ ಕಳಿಸಿದವರಿಗೆ ಹರ್ಕ್ಯುಲೇನಿಯಮ್ ಕುಲುಮೆ ಯಾವ ವರ್ಷ ನಿಂತಿತೆಂದು ಒಮ್ಮೆ ಕೇಳಿ, ಅವರು ಕೊಡುವ ಉತ್ತರವನ್ನು ನಮಗೂ ಬರೆಯಿರಿ. ಅದನ್ನು ಮುಂದಿನ ಸಂಚಿಕೆಯಲ್ಲಿ ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕ