ಮೆಸೊಥೆಲಿಯೋಮಾದ ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಲಕ್ಷಣಗಳನ್ನಷ್ಟೇ ನೋಡಿದರೆ ಗುರುತು ಸಿಗುವುದಿಲ್ಲ; ಹಳೆಯ ಉದ್ಯೋಗವನ್ನೂ ಕೆದಕಬೇಕು. ಇದು ಶ್ವಾಸಕೋಶದ ಹೊರಪೊರೆಗೆ, ಕೆಲವರಲ್ಲಿ ಹೊಟ್ಟೆಯ ಒಳಪೊರೆಗೆ ಬರುವ ಅಪರೂಪದ ಕ್ಯಾನ್ಸರ್. ಮುಖ್ಯ ಕಾರಣ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ ಧೂಳು. ಅದು ದೇಹ ಹೊಕ್ಕ 20ರಿಂದ 50 ವರ್ಷಗಳ ನಂತರ ರೋಗ ತಲೆ ಎತ್ತುತ್ತದೆ. ಬೀಡಿ, ಸಿಗರೇಟು ಇದಕ್ಕೆ ಕಾರಣವಲ್ಲ.

ಹೆಚ್ಚಿನವರಲ್ಲಿ ಮೊದಲು ಕಾಣುವುದು ಏದುಸಿರು. ಪೊರೆಗಳ ನಡುವೆ ನೀರು ತುಂಬಿ ಶ್ವಾಸಕೋಶ ಪೂರ್ತಿ ಹಿಗ್ಗಲಾರದು. ನಿತ್ಯ ಹತ್ತುತ್ತಿದ್ದ ಮೆಟ್ಟಿಲುಗಳೇ ಭಾರವಾಗುತ್ತವೆ. ಜೊತೆಗೆ ಸಾಮಾನ್ಯವಾಗಿ ಎದೆಯ ಒಂದೇ ಬದಿಯಲ್ಲಿ ಬಿಡದೆ ಕಾಡುವ ಮಂದ ನೋವು. ಕೆಲವೊಮ್ಮೆ ಅದು ಭುಜಕ್ಕೂ ಹರಿಯುತ್ತದೆ. ಒಣ ಕೆಮ್ಮು, ದಣಿವು, ರಾತ್ರಿ ಬೆವರು, ತೂಕ ಇಳಿಯುವುದೂ ಉಂಟು. ಹೊಟ್ಟೆಯ ಪೊರೆಯಲ್ಲಾದರೆ ಹೊಟ್ಟೆ ಉಬ್ಬುತ್ತದೆ, ಹಸಿವು ಸಾಯುತ್ತದೆ.

ನಮ್ಮಲ್ಲಿ ತೊಡಕಾಗುವುದು ಇಲ್ಲೇ. ಎದೆಯಲ್ಲಿ ನೀರು ಎಂದೊಡನೆ ವೈದ್ಯರ ಅನುಮಾನ ಕ್ಷಯದತ್ತ ಹೋಗುತ್ತದೆ. ಅದು ತಪ್ಪೂ ಅಲ್ಲ, ನಮ್ಮ ದೇಶದಲ್ಲಿ ಕ್ಷಯವೇ ಹೆಚ್ಚು. ಆದರೆ ಔಷಧಿ ನಡೆಯುತ್ತಿದ್ದರೂ ತೆಗೆದ ನೀರು ಮತ್ತೆ ಮತ್ತೆ ತುಂಬಿದರೆ ಸಿಟಿ ಸ್ಕ್ಯಾನ್ ಮತ್ತು ಬಯಾಪ್ಸಿಯ (ಪೊರೆಯ ಚೂರು ತೆಗೆದು ಮಾಡುವ ಪರೀಕ್ಷೆ) ಬಗ್ಗೆ ಕೇಳಿ. ನೀರಿನ ಪರೀಕ್ಷೆಯೊಂದರಲ್ಲೇ ಈ ರೋಗ ತಪ್ಪಿಹೋಗಬಹುದು.

ಕಲ್ನಾರು ಶೀಟು ಕೊರೆದದ್ದು, ಹಡಗು ಒಡೆದದ್ದು, ಬಾಯ್ಲರ್‌ಗೆ ಹೊದಿಕೆ ಸುತ್ತಿದ್ದು, ಎಲ್ಲವನ್ನೂ ವೈದ್ಯರಿಗೆ ನೀವಾಗಿಯೇ ಹೇಳಿ. ಕಾರ್ಮಿಕ ಗಂಡನ ಧೂಳು ಮೆತ್ತಿದ ಬಟ್ಟೆ ಒಗೆದ ಹೆಂಡತಿಗೂ ಈ ರೋಗ ಬಂದದ್ದಿದೆ.